ಒಂದು ತೊಗರಿಕಾಳಿನಷ್ಟು ದೂರ

ಮೊನ್ನೆ ಮಾವಿನ ಮಿಡಿ ಜಾಡಿಯ ಬಾಯಿಬಟ್ಟೆ ಬಿಚ್ಚಿದೆ. ಒಳಗೆ, ಮಿಡಿಗಳ ಮೇಲೆ, ಲಕ್ಷ್ಮಣತೀರ್ಥ ಹೊಳೆಯಿಂದ ಆಯ್ದು ತಂದ ದುಂಡು ಕಲ್ಲು ಕುಳಿತಿತ್ತು. ಕಲ್ಲು ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿದೆ. ಒಂದು ಮಿಡಿಯೂ ಉಪ್ಪುನೀರಿನಿಂದ ತಲೆ ಎತ್ತಿಲ್ಲ. ಆದರೂ ಆ ಕಲ್ಲು ಕಂಡರೆ ನನಗೆ ಅಷ್ಟಕ್ಕಷ್ಟೆ. ಅದು ಕುಳಿತಿರುವ ಜಾಗದಲ್ಲಿ ಹೋದ ಆರು ವರ್ಷ ಕುಳಿತಿದ್ದದ್ದು ನಿಮ್ಮ ತಾತನ ಗಾಜು.

ಮಕ್ಕಳೇ, ಆ ಗಾಜು ನಿಮಗೆ ಗೊತ್ತು. ಅಂಗೈಯಷ್ಟು ಉದ್ದ, ಮೂರು ಬೆರಳು ಅಗಲ, ಒಂದು ಹೆಬ್ಬೆರಳಿನ ದಪ್ಪ. ಒಂದು ಮೂಲೆ ಒಡೆದಿದೆ. ಚಿಕ್ಕವರಿದ್ದಾಗ ನೀವೆಲ್ಲ ಅದನ್ನು ಐಸ್‌ಗಡ್ಡೆ ಎಂದುಕೊಂಡು ಸರದಿಯಲ್ಲಿ ನೆಕ್ಕಿದ್ದೀರಿ. ಚೈತ್ರ, ನಗಬೇಡ, ಎಲ್ಲರಿಗಿಂತ ಹೆಚ್ಚು ಹೊತ್ತು ನೆಕ್ಕಿದವಳು ನೀನೇ. ಪುಸ್ತಕದಲ್ಲಿ ಅದಕ್ಕೆ ಗಾಜಿನ ಚಪ್ಪಡಿ ಅನ್ನುತ್ತಾರಂತೆ. ತಾತ ಸ್ಲ್ಯಾಬು ಅನ್ನುತ್ತಿದ್ದರು. ನನಗೆ ಅದು ಬರೀ ಗಾಜು.

ತಾತ ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು ಎಂದು ನಿಮಗೆ ಹೇಳಿದ್ದೇನೆ. ಬೆಳಿಗ್ಗೆ ಹೊಲದಲ್ಲಿ ಹೊಗೆಸೊಪ್ಪಿನ ಸಾಲು ನೋಡಿಕೊಂಡು, ಕಾಲು ತೊಳೆದು, ಖಾಕಿ ಷರ್ಟು ಹಾಕಿಕೊಂಡು, ಕಟ್ಟೆಮಳಲವಾಡಿಯಿಂದ ಹುಣಸೂರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆಗೆ ಮೇಜಿನ ಮೇಲೆ ಸಾಮಾನು ಜೋಡಿಸುವುದು, ಮುಗಿದ ಮೇಲೆ ಒರೆಸಿ ಬೀರುವಿಗೆ ಸೇರಿಸುವುದು ಅವರ ಕೆಲಸ. ಅವೇ ಪ್ರಯೋಗಗಳನ್ನು ಪ್ರತಿ ವರ್ಷವೂ ಕಂಡು ಕಂಡು, ಯಾವುದರಲ್ಲಿ ಏನು ಬರುತ್ತದೆ ಎಂದು ಮಕ್ಕಳಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆದರೆ ಪರೀಕ್ಷೆಯ ದಿನ ತುಟಿ ಬಿಚ್ಚುವ ಹಾಗಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದೆಲ್ಲ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೊರಗೆ ಬರುತ್ತಿತ್ತು.

"ಇವತ್ತೂ ಒಬ್ಬ ಗಾಜು ಉಜ್ದ ಕಣೆ!" ಎಂದು ಮುದ್ದೆ ಮುರಿಯುತ್ತ ಶುರು ಮಾಡುತ್ತಿದ್ದರು.

"ಯಾಕೆ ಉಜ್ದ?"

"ಉಜ್ದ ಕಣೆ! ಕರ್ಚೀಪ್ ತಗ್ದು ಉಜ್ದ, ಷರ್ಟ್ ತುದೀಲಿ ಉಜ್ದ, ಕೊನೆಗೆ ಉಗುಳು ಆಕಿ ಉಜ್ದ..." ಅಷ್ಟು ಹೇಳುವುದರೊಳಗೆ ನಗು ಬಂದು ಬಿಕ್ಕಳಿಕೆ ಹತ್ತಿಬಿಡುತ್ತಿತ್ತು. ನಾನು ನೀರು ಕೊಡುತ್ತಿದ್ದೆ. ಅವರು ನಗುವುದನ್ನು ನೋಡಿ ನಾನೂ ನಗುತ್ತಿದ್ದೆ. ಗಾಜು ಉಜ್ಜಿದರೆ ನಗುವಂಥದ್ದು ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ದಡ್ಡಿ ಎಂದುಕೊಂಡಾರು ಎನ್ನುವ ಸಂಕೋಚ.

ಈ ಸಂಕೋಚ ನನಗೆ ಹುಟ್ಟಿನಿಂದ ಬಂದದ್ದು. ನನ್ನ ತವರು ಬೀಚನಹಳ್ಳಿ. ಅಲ್ಲಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಒಂದು ದಿನ ಮೇಷ್ಟ್ರು ಬಕೀಟಿನ ನೀರಿನಲ್ಲಿ ಬೆತ್ತ ಅದ್ದಿ, "ಬೆತ್ತ ಯಾಕೆ ಮುರಿದ ಹಾಗೆ ಕಾಣುತ್ತೆ?" ಎಂದು ಕೇಳಿದರು. ನನಗೆ ಉತ್ತರ ಅರ್ಧ ಗೊತ್ತಿತ್ತು. ಯಾಕೆಂದರೆ ಅದಕ್ಕೆ ಮುಂಚಿನ ವಾರವೇ ನಾನು ನಾಲೆಗೆ ಬಿದ್ದಿದ್ದೆ. ನೀರು ತಿಳಿಯಾಗಿತ್ತು, ಒಳಗಿನ ಮೆಟ್ಟಿಲು ಇಗೋ ಇಲ್ಲೇ ಇದೆ ಎನ್ನುವಂತೆ ಕಾಣುತ್ತಿತ್ತು. ಕಾಲಿಟ್ಟರೆ ಮೆಟ್ಟಿಲು ಅಲ್ಲಿರಲಿಲ್ಲ, ಇನ್ನೂ ಕೆಳಗಿತ್ತು. ಬಿಂದಿಗೆ ಒಂದು ಕಡೆ, ನಾನು ಒಂದು ಕಡೆ. ನೀರಿನೊಳಗೆ ಇರುವುದು ಇದ್ದ ಜಾಗದಲ್ಲಿ ಕಾಣುವುದಿಲ್ಲ ಎಂದು ಮೊಣಕಾಲಿನ ಗಾಯವೇ ನನಗೆ ಪಾಠ ಮಾಡಿತ್ತು. ಅಷ್ಟು ಹೇಳಿದ್ದರೂ ಸಾಕಿತ್ತು. ಆದರೆ ಎದ್ದು ನಿಲ್ಲಬೇಕಲ್ಲ? ಪಕ್ಕದಲ್ಲಿದ್ದ ಹುಡುಗಿ ಎದ್ದು ಧೈರ್ಯವಾಗಿ, "ಬೆತ್ತವೇ ಡೊಂಕು ಸಾರ್" ಎಂದಳು. ಮೇಷ್ಟ್ರು ಬೆತ್ತ ಎತ್ತಿ ನೆಟ್ಟಗಿರುವುದನ್ನು ತೋರಿಸಿದರು. ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಹಾಗೆಯೇ ತಲೆ ತಗ್ಗಿಸಿಕೊಂಡು ಹಸೆಮಣೆಗೂ ಬಂದೆ.

ಮದುವೆಯಾದ ಹೊಸತರಲ್ಲಿ ತಾತ ಒಂದು ಲೆನ್ಸು ತಂದು, ಅದರಡಿ ರಾಗಿ ಕಾಳು ಇಟ್ಟು ತೋರಿಸಿದರು. ದಿನಾ ಬೀಸುವ, ಕೇರುವ, ಉದುರಿದರೆ ಗುಡಿಸುವ ರಾಗಿ ಅಷ್ಟು ಚೆಂದ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬೇರೆಯವರು ಹೆಂಡತಿಗೆ ಹೂವು ತರುತ್ತಾರೆ. ಇವರು ಲೆನ್ಸು ತಂದರಲ್ಲ ಎಂದು ಆಗ ಒಳಗೊಳಗೇ ಅಂದುಕೊಂಡದ್ದುಂಟು. ಈಗ ಯೋಚಿಸಿದರೆ ಹೂವೆಲ್ಲ ಬಾಡಿತು, ಲೆನ್ಸು ಇದೆ.

ಗಾಜು ಬಂದದ್ದು ಬಹಳ ಆಮೇಲೆ. ಲ್ಯಾಬಿಗೆ ಹೊಸ ಸಾಮಾನು ಬಂದಾಗ, ಮೂಲೆ ಒಡೆದ ಹಳೆಯ ಗಾಜನ್ನು ಹೆಡ್‌ಮಾಸ್ಟರು, "ನಿನ್ನ ಕೈಲೇ ಸವೆದದ್ದು, ನೀನೇ ತಗೊಂಡು ಹೋಗಪ್ಪ" ಎಂದು ಕೊಟ್ಟರಂತೆ. ತಾತ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಹಸುಗೂಸನ್ನು ತರುವ ಹಾಗೆ ತಂದರು. ಮರುದಿನವೇ ಮೊಳದುದ್ದದ ಒಂದು ಹಲಗೆ ಹಿಡಿದು ಕುಳಿತರು. ಹಲಗೆಯ ಒಂದು ತುದಿಯಲ್ಲಿ ಲೆನ್ಸು ನಿಲ್ಲಿಸಲು ಮರದ ಗೂಟ. ಅಲ್ಲಿಂದ ಒಂದು ಗೇಣಿನ ಆಚೆ ಗರಗಸದಲ್ಲಿ ಕುಯ್ದ ಒಂದು ಸೀಳು. ಆ ಸೀಳಿಗೆ ಯಾವುದೋ ಮದುವೆಯ ಕಾಗದವನ್ನು ಸಿಕ್ಕಿಸಿದರೆ, ಅದರ ಬಿಳಿಯ ಬೆನ್ನೇ ಪರದೆ. ಹಲಗೆಯನ್ನು ಬಾಗಿಲಿನ ಕಡೆ ತಿರುಗಿಸಿ ಇಟ್ಟರೆ ಹೊರಗಿನ ಹುಣಸೆಮರ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಹುಣಸೂರಿನ ದಾರಿ ಎಲ್ಲವೂ ಆ ಕಾಗದದ ಮೇಲೆ ತಲೆಕೆಳಗಾಗಿ ಬಂದು ಕೂರುತ್ತಿದ್ದವು, ಬಣ್ಣ ಸಮೇತ. ನಿಮ್ಮಪ್ಪ ಆಗ ಸಣ್ಣವನು; ತಾನೂ ತಲೆಕೆಳಗಾಗಿ ನೋಡಲು ಹೋಗಿ ಗೋಡೆಗೆ ಗುದ್ದಿಕೊಂಡ.

ಒಂದು ದಿನ ಅದೇ ಹಲಗೆಯ ಮೇಲೆ ಮತ್ತೆ ಗರಗಸದ ಸದ್ದು ಕೇಳಿತು. ಅದು ಸೊಪ್ಪು ಕಟ್ಟುವ ಕಾಲ. ಬೆಳಿಗ್ಗೆ ಮುರಿದ ಹೊಗೆಸೊಪ್ಪನ್ನು ಸಂಜೆಯೊಳಗೆ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ನನ್ನ ಹತ್ತು ಬೆರಳೂ ಅಂಟಂಟು.

"ಬಾ ಇಲ್ಲಿ, ಒಂದ್ ನಿಮ್ಸ ನೋಡೋಗು" ಎಂದು ಒಳಗಿನಿಂದ ಕೂಗಿದರು.

"ಸೊಪ್ಪು ಬಾಡೋಯ್ತದೆ. ನಿಮ್ಮಾಟ ಆಮೇಲೆ."

"ಒಂದೇ ನಿಮ್ಸ ಕಣೆ!"

ನಾನು ಹೋಗಲಿಲ್ಲ. ಸಂಜೆ ಕೈ ತೊಳೆದು ಬಂದು ನೋಡಿದರೆ, ಹಲಗೆಯಲ್ಲಿ ಮೊದಲಿನ ಸೀಳಿನ ಪಕ್ಕದಲ್ಲೇ, ಒಂದು ತೊಗರಿಕಾಳಿನಷ್ಟು ಆಚೆ, ಇನ್ನೊಂದು ಸೀಳು.

"ಅಳ್ತೆ ತಪ್ಪೋಯ್ತಾ? ಎಲ್ಡ್ ಸಲ ಕುಯ್ದಿದ್ದೀರಲ್ಲ" ಎಂದು ನಕ್ಕೆ.

ಅವರೂ ನಕ್ಕರು. "ಊಂ, ತಪ್ಪೋಯ್ತು ಬುಡು" ಎಂದರು. ಅಲ್ಲಿಗೆ ಮಾತು ಮುಗಿಯಿತು.

ತಾತ ತೀರಿಹೋದ ಮೇಲೆ ಲೆನ್ಸು ನನ್ನ ಪಾಲಿಗೆ ಪೇಪರು ಓದಲು ಬಂತು. ಹಲಗೆ ನುಚ್ಚಿನ ಡಬ್ಬದ ಅಡಿಗೆ ಹೋಯಿತು. ಗಾಜು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅವರು ದಿನವೂ ಮುಟ್ಟುತ್ತಿದ್ದ ಸಾಮಾನು ಹೀಗೆ ಮುಟ್ಟುವವರಿಲ್ಲದೆ ಇರಬಾರದು ಅನ್ನಿಸಿತು. ದಿನಾ ನನ್ನ ಕೈ ಹೋಗುವ ಜಾಗ ಎಂದರೆ ಉಪ್ಪಿನಕಾಯಿ ಜಾಡಿ. ಅಗಲ ಬಾಯಿಯ ಜಾಡಿ, ಗಾಜು ಅದರೊಳಗೆ ಅಳತೆ ಮಾಡಿಸಿದ ಹಾಗೆ ಕುಳಿತಿತು. ಮೇಲಿನಿಂದ ಬಗ್ಗಿ ನೋಡಿದರೆ ಅಡಿಯಲ್ಲಿದ್ದ ಮಿಡಿಗಳು ಒಂದಿಷ್ಟು ಎದ್ದು ಬಂದ ಹಾಗೆ ಕಾಣುತ್ತಿದ್ದವು, ಬೀಚನಹಳ್ಳಿ ನಾಲೆಯ ಮೆಟ್ಟಿಲಿನ ಹಾಗೆಯೇ. ಆರು ವರ್ಷ ದಿನಾ ನೋಡಿದೆ. ಎದುರಿಗೇ ಇದ್ದ ಪಾಠ, ನನಗೆ ಉಪ್ಪಿನಕಾಯಿಯಾಗಿಯೇ ಕಂಡಿತು.

ಈ ವರ್ಷ ಚೈತ್ರ ಹತ್ತನೇ ಕ್ಲಾಸು. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ತಾತನ ಹಲಗೆಯನ್ನೇ ಒಯ್ಯುತ್ತೇನೆ ಎಂದು ಹೆಸರು ಕೊಟ್ಟು ಬಂದುಬಿಟ್ಟಳು. ಪೀನ ಮಸೂರಕ್ಕೂ, ಅಂದರೆ ಲೆನ್ಸಿಗೂ, ಪರದೆಗೂ ನಡುವೆ ಗಾಜಿನ ಚಪ್ಪಡಿ ಇಟ್ಟರೆ ಪ್ರತಿಬಿಂಬಕ್ಕೆ ಏನಾಗುತ್ತದೆ, ಇದು ಅವಳ ವಿಷಯ.

"ಅಜ್ಜೀ, ತಾತನ ಸ್ಲ್ಯಾಬ್ ಎಲ್ಲಿ?"

ನಾನು ಜಾಡಿಯ ಕಡೆ ನೋಡಿದೆ.

"ಜಾಡೀಲಾ?" ಅವಳು ಹಣೆ ಚಚ್ಚಿಕೊಂಡಳು. "ತಾತ ಇದ್ದಿದ್ರೆ ಏನಂತಿದ್ರು ಅಜ್ಜೀ!"

ಹುಡುಗಿ ತಮಾಷೆಗೆ ಅಂದಳು. ನನಗೆ ಮಾತ್ರ ಚುರುಕ್ ಎಂದಿತು. ಗಾಜನ್ನು ಎತ್ತಿ ತೊಳೆದುಕೊಟ್ಟೆ. ಅವಳು ಹಲಗೆಯನ್ನು ಬಾಗಿಲಿಗೆ ತಿರುಗಿಸಿ, ಲೆನ್ಸು ನಿಲ್ಲಿಸಿ, ಮೊದಲ ಸೀಳಿಗೆ ಕಾಗದ ಸಿಕ್ಕಿಸಿದಳು. ಹುಣಸೆಮರ ಬಂತು, ಎಲೆ ಎಲೆಯಾಗಿ. ಲೆನ್ಸಿಗೂ ಕಾಗದಕ್ಕೂ ನಡುವೆ ಗಾಜು ನಿಲ್ಲಿಸಿದಳು. ಮರ ಹೋಯಿತು. ಹಸಿರು ಬಣ್ಣ ಕಲಸಿ ಮೆತ್ತಿದ ಹಾಗೆ ಒಂದು ಮಬ್ಬು ಉಳಿಯಿತು.

"ಗಾಜು ಜಿಡ್ಡು" ಎಂದಳು ಚೈತ್ರ.

ಸೋಪು ಹಾಕಿ ತೊಳೆದೆ. ಮಬ್ಬು. ಸೀಗೆಪುಡಿ ಹಾಕಿ ತೊಳೆದೆ. ಮಬ್ಬು. ಅಷ್ಟರಲ್ಲಿ ಪಕ್ಕದ ಮನೆಯ ತಾಯಮ್ಮಕ್ಕ ಮೊಸರಿನ ಹೆಪ್ಪಿಗೆ ಬಂದವಳು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು.

"ಉಪ್ಪು ತಿಂದ ಗಾಜು ಕಣವ್ವ ಅದು. ಆರು ವರ್ಸ ಉಪ್ಪಲ್ಲಿ ನೆಂದದ್ದು ಇನ್ನೆಲ್ಲಿ ಮೊಕ ತೋರ್ಸಾದು? ಉಣ್ಸೇಅಣ್ಣು, ಬೂದಿ ಆಕಿ ತಿಕ್ಕಿ ನೋಡು. ಬಂದ್ರೆ ಬಂತು."

"ಇದೇನು ಕೊಳಗಾನ ತಾಯಮ್ಮಜ್ಜಿ, ಬೂದಿ ಹಾಕಿ ತಿಕ್ಕೋಕೆ?" ಎಂದಳು ಚೈತ್ರ.

"ನಿಮ್ಮಜ್ಜಿ ಉಪ್ಪಿನ್ಕಾಯ್ಗೆ ಆಕ್ದಾಗ ಕೊಳಗ ಆಗ್ನಿಲ್ವಾ?" ಎಂದು ನಕ್ಕು, ಹೆಪ್ಪು ಇಸಿದುಕೊಂಡು ಹೋದಳು.

ಹುಣಸೆಹಣ್ಣು, ಬೂದಿ ಎರಡೂ ಆದವು. ಗಾಜು ಹೊಸ ಮದುವಣಗಿತ್ತಿಯ ಹಾಗೆ ಹೊಳೆಯಿತು. ನಡುವೆ ಇಟ್ಟರೆ ಅದೇ ಮಬ್ಬು. "ಇರ್ಲಿ ಬಿಡಜ್ಜಿ, ನಾಳೆ ಮಿಸ್ ಹತ್ರ ಹೊಸ ಸ್ಲ್ಯಾಬ್ ಕೇಳ್ತೀನಿ. ತಾತಂದು ಮನೇಲೇ ಇರ್ಲಿ" ಎಂದು ಚೈತ್ರ ಮೆಲ್ಲಗೆ ಹೇಳಿ ಒಳಗೆ ಹೋದಳು. ಅವಳು ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಜಾರದಲ್ಲಿ ನಾನೊಬ್ಬಳೇ ಕುಳಿತೆ. ಅವರು ಟವೆಲ್ಲಿನಲ್ಲಿ ಸುತ್ತಿ ತಂದ ಗಾಜು. ಅಷ್ಟು ವರ್ಷ ಎಷ್ಟೋ ಮಕ್ಕಳ ಕೈಯಿಂದ ಉಳಿಸಿಕೊಂಡದ್ದನ್ನು ನಾನು, ಅವರ ಹೆಂಡತಿ, ಪ್ರೀತಿ ಎಂದುಕೊಂಡು ಉಪ್ಪಿಗೆ ಹಾಕಿ ಕುರುಡು ಮಾಡಿದೆನಲ್ಲ. ಗೋಡೆಯ ಮೇಲಿನ ಅವರ ಫೋಟೋ ಕಡೆ ನೋಡಲು ಮುಖವಿರಲಿಲ್ಲ. ಮಾಡಲು ಬೇರೇನೂ ತೋಚದೆ ಸೆರಗಿನ ತುದಿ ಹಿಡಿದು ಮತ್ತೆ ಉಜ್ಜಿದೆ. ಬಾಯಿಯ ಆವಿ ಊದಿ ಉಜ್ಜಿದೆ. ಗಾಜು ಕಿರ್ರ್ ಎಂದಿತು.

ಆ ಕಿರ್ರ್ ಜೊತೆಗೇ ಊಟದ ತಟ್ಟೆಯ ಮುಂದಿನ ಬಿಕ್ಕಳಿಕೆ ಕೇಳಿಸಿದ ಹಾಗಾಯಿತು. ಇವತ್ತೂ ಒಬ್ಬ ಗಾಜು ಉಜ್ದ ಕಣೆ!

ಉಜ್ಜುತ್ತಿದ್ದ ಕೈ ನಿಂತಿತು. ಆ ಹುಡುಗರ ಗಾಜು ಉಪ್ಪಿನಲ್ಲಿ ನೆಂದದ್ದಲ್ಲ. ಲೆನ್ಸಿನ ಜೊತೆ ಮೇಜಿನ ಮೇಲೆ ನಿಮ್ಮ ತಾತನೇ ಬೆಳಿಗ್ಗೆ ಒರೆಸಿ ಇಟ್ಟ ಗಾಜು. ಆದರೂ ಹುಡುಗರು ಉಜ್ಜುತ್ತಿದ್ದರು. ಅಂದರೆ ಅವರಿಗೂ ಮಬ್ಬೇ ಕಂಡಿತ್ತು. ಕೊಳೆಯೇ ಕಾರಣವಾಗಿದ್ದರೆ ಇವರು ನಗುತ್ತಿರಲಿಲ್ಲ. ಸರಿಯಾಗಿ ಒರೆಸದೇ ಇಟ್ಟೆ ಎಂದು ನೊಂದುಕೊಳ್ಳುತ್ತಿದ್ದರು. ಅಷ್ಟು ನಗಬೇಕಾದರೆ ಗಾಜಿನಲ್ಲಿ ಏನೂ ತಪ್ಪಿರಲಿಲ್ಲ.

ಹಾಗಾದರೆ ಮರ ಎಲ್ಲಿಗೆ ಹೋಯಿತು?

ಕಣ್ಣು ಹಲಗೆಯ ಮೇಲೆ ಬಿತ್ತು. ಎರಡು ಸೀಳು. ನಾನು ತಪ್ಪು ಅಳತೆ ಎಂದು ನಕ್ಕಿದ್ದ ಎರಡನೇ ಸೀಳು. ಕಾಗದವನ್ನು ಮೊದಲನೆಯದರಿಂದ ಕಿತ್ತು, ತೊಗರಿಕಾಳಿನಷ್ಟು ಹಿಂದಿದ್ದ ಅದಕ್ಕೆ ಸಿಕ್ಕಿಸಿ, ಗಾಜನ್ನು ನಡುವೆ ನಿಲ್ಲಿಸಿದೆ.

ಮರ ಬಂತು. ಎಲೆ ಎಲೆಯಾಗಿ ಬಂತು. ಬ್ಯಾರನ್ನಿನ ತಗಡು ಬಂತು. ನನ್ನ ಸೊಸೆ, ನಿಮ್ಮಮ್ಮ ಸುಧಾ ಒಣಗಲು ಹಾಕಿದ್ದ ಹಳದಿ ಸೀರೆಯೂ ತಲೆಕೆಳಗಾಗಿ ಬಂದು ಅಲ್ಲಾಡುತ್ತಿತ್ತು.

"ಚೈತ್ರಾ!" ಎಂದು ನಾನು ಕೂಗಿದ ಕೂಗಿಗೆ ಅಡುಗೆಮನೆಯಿಂದ ಸುಧಾನೂ ಸೌಟು ಹಿಡಿದುಕೊಂಡು ಓಡಿಬಂದಳು. ಈ ಮನೆಗೆ ಬಂದು ಹದಿನೆಂಟು ವರ್ಷವಾದರೂ ಅತ್ತೆಗೆ ಇಷ್ಟು ದೊಡ್ಡ ದನಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲವಂತೆ.

ಆಮೇಲೆ ಚೈತ್ರ ಪುಸ್ತಕ ತೆಗೆದು, ಅಡಿಪಟ್ಟಿ ಹಿಡಿದು ಅಳೆದಳು. ಗಾಜಿನ ದಪ್ಪದ ಮೂರನೇ ಒಂದು ಪಾಲಿನಷ್ಟು ಪ್ರತಿಬಿಂಬ ಲೆನ್ಸಿನಿಂದ ದೂರ ಸರಿಯುತ್ತದೆ. ಗಾಜನ್ನು ಲೆನ್ಸಿನ ಹತ್ತಿರ ಇಟ್ಟರೂ ಅಷ್ಟೆ, ಕಾಗದದ ಹತ್ತಿರ ಇಟ್ಟರೂ ಅಷ್ಟೆ. ಮರ ದೊಡ್ಡದೂ ಆಗುವುದಿಲ್ಲ, ಚಿಕ್ಕದೂ ಆಗುವುದಿಲ್ಲ. ಅವಳು ಗೆರೆ ಎಳೆದು ತೋರಿಸಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಹೊಲದ ಎರಡು ಮೂಲೆಯಿಂದ ಇಬ್ಬರು ಓರೆಯಾಗಿ ನಡೆದು ಒಂದು ಕಡೆ ಸೇರಲು ಹೊರಡುತ್ತಾರೆ. ನಡುವೆ ಉತ್ತ ನೆಲ ಸಿಗುತ್ತದೆ. ಅಲ್ಲಿ ಕಾಲು ಹೂತು, ಓರೆ ಕಡಿಮೆಯಾಗಿ, ಸ್ವಲ್ಪ ನೆಟ್ಟಗೆ ನಡೆಯುತ್ತಾರೆ. ಉತ್ತ ನೆಲ ದಾಟಿದ ಮೇಲೆ ಮತ್ತೆ ಮೊದಲಿನ ಓರೆಯಲ್ಲೇ ನಡಿಗೆ. ಸೇರುವುದಂತೂ ಸೇರುತ್ತಾರೆ. ಅಂದುಕೊಂಡ ಜಾಗಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಸೇರುತ್ತಾರೆ, ಅಷ್ಟೆ. ಮೊದಲಿನ ಜಾಗದಲ್ಲೇ ಕಾದು ನಿಂತವರಿಗೆ ಅವರು ಕಾಣುವುದಿಲ್ಲ. "ಅಜ್ಜಿ, ಇದನ್ನ ನಾನು ಚಾರ್ಟಲ್ಲಿ ಬರ್ಕೋತೀನಿ" ಎಂದಳು. ಬರೆದೂ ಬರೆದಳು, ಇಬ್ಬರ ತಲೆಯ ಮೇಲೂ ಸೊಪ್ಪಿನ ಹೊರೆ ಇರುವ ಚಿತ್ರ ಸಮೇತ.

ಪ್ರದರ್ಶನಕ್ಕೆ ನಾನೂ ಹುಣಸೂರಿಗೆ ಹೋದೆ. ಯಾರಾದರೂ ಮಾತಾಡಿಸಿಬಿಟ್ಟಾರು ಎಂದು ಕಂಬದ ಮರೆಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದೆ. ಬಂದವರಿಗೆಲ್ಲ ಚೈತ್ರ ಗಾಜು ಇಟ್ಟು ಮಬ್ಬು ಮಾಡಿ ತೋರಿಸಿ, "ಯಾಕೆ ಹೀಗಾಯ್ತು, ಹೇಳಿ?" ಎಂದು ಕೇಳುತ್ತಿದ್ದಳು. ಕನ್ನಡಕದ ಮೇಷ್ಟ್ರೊಬ್ಬರು, ಸಮಾಜದ ಪಾಠದವರಂತೆ, ಬಗ್ಗಿ ನೋಡಿ ಜೇಬಿನಿಂದ ಕರ್ಚೀಪು ತೆಗೆದರು. "ಗಾಜು ಒರೆಸಮ್ಮ, ಕೊಳೆಯಾಗಿದೆ."

"ಗಾಜು ಕೊಳೆ ಅಲ್ಲ ಸಾರ್!"

ಹೇಳಿದ್ದು ಯಾರು ಎಂದು ನಾನೂ ತಿರುಗಿ ನೋಡಿದೆ. ನಾನೇ. ಎದ್ದು ಬೇರೆ ನಿಂತಿದ್ದೆ. ಅಷ್ಟು ಜನರೂ ಕಂಬದ ಕಡೆ ನೋಡುತ್ತಿದ್ದರು. ಇನ್ನು ಕೂರುವ ಹಾಗಿಲ್ಲ. "ಪರದೇನ ಒಂದ್ ತೊಗರಿಕಾಳಷ್ಟು ಹಿಂದಕ್ ಇಡ್ಬೇಕು" ಎಂದೆ. ಚೈತ್ರ ಕಾಗದವನ್ನು ಎರಡನೇ ಸೀಳಿಗೆ ಹಾಕಿದಳು. ಸ್ಕೂಲಿನ ಗೇಟು, ಹೊರಗೆ ನಿಂತ ಬಸ್ಸು ಎಲ್ಲ ಸ್ವಚ್ಛವಾಗಿ ಬಂದವು. ಮೇಷ್ಟ್ರು ಕರ್ಚೀಪನ್ನು ಮೆಲ್ಲಗೆ ಜೇಬಿಗೆ ಸೇರಿಸಿ, "ಅಜ್ಜಿ ಎಷ್ಟನೇ ಕ್ಲಾಸು ಓದಿದೀರಿ?" ಎಂದರು.

"ಏಳು ಸಾರ್" ಎಂದು ಕುಳಿತುಬಿಟ್ಟೆ. ಬೀಚನಹಳ್ಳಿಯ ಬಕೀಟು, ಬೆತ್ತ ಎಲ್ಲ ನೆನಪಾಯಿತು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಸ್ವಲ್ಪ ತಡವಾಗಿತ್ತು. ಆದರೂ ಎದ್ದು ನಿಂತು ಕೊಟ್ಟೆ.

ಪ್ರದರ್ಶನ ಮುಗಿದ ಮೇಲೆ ಹಲಗೆ, ಲೆನ್ಸು, ಗಾಜು ಮೂರೂ ಮನೆಗೆ ಬಂದವು. ಜಾಡಿಗೆ ಹೊಳೆಕಲ್ಲು ಬಂತು. ಎರಡು ಸೀಳಿನ ಪಕ್ಕ 'ಗಾಜು ಇಲ್ಲದಾಗ', 'ಗಾಜು ಇಟ್ಟಾಗ' ಎಂದು ಸ್ಕೆಚ್‌ಪೆನ್ನಿನಲ್ಲಿ ಬರೆಯುತ್ತೇನೆ ಎಂದಳು ಚೈತ್ರ. ಬೇಡ ಎಂದೆ. ಅವರು ಬರೆಯಬೇಕು ಎಂದಿದ್ದರೆ ಅವರೇ ಬರೆಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ನಾನು ಬಂದು ನೋಡುವುದು.

ಒಂದು ಮಧ್ಯಾಹ್ನ ಸ್ಟೌವಿನ ಮೇಲೆ ಸಾರು ಇಟ್ಟು, ಸುಮ್ಮನೆ ಹಲಗೆ ತೆಗೆದು ಬಾಗಿಲಿಗೆ ತಿರುಗಿಸಿದೆ. ಲೆನ್ಸು ನಿಲ್ಲಿಸಿದೆ. ಮೊದಲ ಸೀಳು, ಮರ. ಗಾಜು, ಮಬ್ಬು. ಎರಡನೇ ಸೀಳು, ಮತ್ತೆ ಮರ, ಬ್ಯಾರನ್ನು, ಅವರು ಸೈಕಲ್ಲಿನಲ್ಲಿ ಬರುತ್ತಿದ್ದ ದಾರಿ. ಅಂದು ಅವರು ತೋರಿಸಬೇಕು ಎಂದು ಕರೆದದ್ದು ಇಷ್ಟೇ. ನಿಜವಾಗಿ ಒಂದೇ ನಿಮಿಷದ ಕೆಲಸ. ನಾನು ಎಷ್ಟು ಹೊತ್ತು ಕುಳಿತಿದ್ದೆನೋ.

"ಅತ್ತೇ, ಸಾರು ಸೀದೋಗ್ತಾ ಇದೆ!" ಹಿತ್ತಿಲಿನಿಂದ ಸುಧಾ ಕೂಗಿದಳು.

"ಸೀಯ್ಲಿ ಬುಡು. ಬಾ ಇಲ್ಲಿ, ಒಂದ್ ನಿಮ್ಸ ನೋಡೋಗು" ಎಂದೆ.

ಅವಳು ಸ್ಟೌವು ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು. ನನಗಿಂತ ಒಳ್ಳೆಯವಳು.